ನೀಲಿ ಗಿಳಿ

…ಏನು, ಬಾಯಾಗ ನೀರು ತುಂಬಿಕೊಂಡೀಯೇನು? ಕಮಲಾಪುರದಿಂದ ಬಸ್ ಹತ್ತಿ ಈ ಬ್ರಹ್ಮಪುರದ ಓಣಿ ತನಕ ಬಂದಿ, ಬಂದು ಗ್ವಾಡಿಗತೆ ನಿಂತಿ! ಯಾಕ ಬಂದಿ? ಮಾಫಿ ಕೇಳಾಕ? ಕೇಳು ಮತ್ತ! ಕ್ಲಾಸಿನ ಹೆಣ್ಮಕ್ಕಳು ಬರೂದ್ರಾಗ ಕೇಳಿ ಹೋಗು. ಮೊದಲ ಒಳಗ ಬಾ, ಬಾಗಲಾಗ ನಿಂತು ಬೆಳಕು ಕಡೀಬ್ಯಾಡ.

ಯಾಕ ನಗ್ತಿ? ನಗು, ನಗು! ನಿನಗೇನು, ಮಾನ ಹೋಗಿದ್ದು ನಂದು. ಇಪ್ಪತ್ತೆಂಟು ವರ್ಷ ಆತು ಕುಲ್ಸುಮ್, ಈ ಕಲಬುರಗಿಯಾಗ ಎರಡು ಬಣ್ಣದ ಉಲನ್ ಹೆಣಿಕಿ ಅಂದ್ರ ಸಾವಿತ್ರಿಬಾಯಿ, ಸಾವಿತ್ರಿಬಾಯಿ ಅಂದ್ರ ಎರಡು ಬಣ್ಣದ ಹೆಣಿಕಿ. ಒಂದು ದಾರ ಮುಂದ ಚಿತ್ರ ಬರೀತದ, ಇನ್ನೊಂದು ಹಿಂದ ಸುಮ್ಮನ ನಡೀತದ… ಈ ವಿದ್ಯಾ ನಿನಗ ಹೇಳಿಕೊಟ್ಟಾಕಿ ಯಾರು? ನಾನು! ನಿಮ್ಮವ್ವ ಜೈನಾಬಿ ನನ್ನ ಕಾಲು ಹಿಡದು, "ಬಾಯಾರ, ನನ್ನ ಮಗಳಿಗಿ ಒಂದು ಕಸುಬು ಕಲಸ್ರೀ" ಅಂತ ಅತ್ತಾಗ ಕರಗಿದಾಕಿ ನಾನು. ಉಂಡ ಮನಿ ಜಂತಿ ಎಣಸಿದಿ ನೀ!

ಹೋದ ತಿಂಗಳು ಬಂಡಮ್ಮನ ಮೊಮ್ಮಗನ ತೊಟ್ಟಲಾ. ಓಣಿ ಹೆಣ್ಮಕ್ಕಳೆಲ್ಲಾ ಕುಂತಾರ. ಬಂಡಮ್ಮ ಕೂಸಿಗಂತ ಹೇಳಿ ಹಾಕಿಸಿದ ನಮ್ಮ ಸ್ವೆಟರ್ ಎಲ್ಲರಿಗೂ ಕಾಣೂಹಂಗ ಎತ್ತಿ ಹಿಡದಳು. ಕೆಳಗ ಎರಡು ಸಾಲು ಹಸಿರು ಗಿಳಿ… ಮ್ಯಾಲಿನ ಸಾಲು ನೀಲಿ! ನೀಲಿ ಗಿಳಿ! ನಮ್ಮಪ್ಪನಾಣಿಗೂ ಎಲ್ಲೂ ಕೇಳಿಲ್ಲ. "ಬಾಯಾರ, ಈ ಗಿಳಿ ಶಾಯಿ ಕುಡದಾವೇನ್ರೀ?" ಅಂದಳು ಒಬ್ಬಾಕಿ. ಎಲ್ಲರೂ ಹೊಟ್ಟಿ ಹಿಡಕೊಂಡು ನಕ್ಕರು. ಬಂಡಮ್ಮ ಸ್ವೆಟರ್ ನನ್ನ ಉಡಿಯಾಗ ಒಗದಳು.

ಹೌದು, ಅಲ್ಲೇ ಹೇಳಿದೆ! "ಇದು ನನ್ನ ಕೈಯಲ್ಲ, ಆ ಕಮಲಾಪುರದ ಪೋರಿದು" ಅಂತ ಹೇಳಿದೆ. ಜಗತ್ ಸರ್ಕಲ್‌ನಾಗಿನ ಉಲನ್ ಅಂಗಡಿ ನೀಲಕಂಠಗೂ ಹೇಳಿದೆ, ಆಕಿಗಿ ಇನ್ನ ಕೆಲಸ ಕೊಡಬ್ಯಾಡಪಾ ಅಂತ. ಕೊಡವಲ್ಲ ಅಲ್ಲ? ಕೊಡಬಾರದು! ಎಲ್ಲಿ ಹೋದರೂ ಇನ್ನ ನಿನ್ನ ಕೈಗಿ ಹೆಣಿಕಿ ಕಡ್ಡಿ ಕೊಡೂದಿಲ್ಲ ಯಾರೂ.

ಏ… ಆ ಬುಟ್ಟಿಗಿ ಯಾಕ ಕೈ ಹಾಕಾಕತ್ತಿ? ಬಿಡು ಅದನ್ನ! ಸದ್ದು ಕೇಳಿತು ನನಗ. ಅದೇ ಸ್ವೆಟರ್ ಅಲ್ಲ? ಏನು ನೋಡ್ತಿ ಅದರಾಗ? ತೊಟ್ಟಲಕ್ಕಿಂತ ಮೊದಲ, ಮೂರು ದಿನ ರಜಾ ಹಾಕಿ ಅಕ್ಕನ ಬಾಣಂತನಕ್ಕ ಊರಿಗಿ ಹೋದಿ. ಹೋಗುವಾಗ ಸ್ವೆಟರ್ ನಿನ್ನ ಜೋಡಿ ಒಯ್ದಿ. ಬಸ್ಸಿನಾಗೋ ಅಡಗಿಮನಿಯಾಗೋ ಕುಂತು ಮ್ಯಾಲಿನ ಸಾಲು ಮುಗಿಸಿ ತಂದಿ, ಹೌದಿಲ್ಲೋ?

ಒಯ್ದಿಲ್ಲ? ತಲಿ ಅಲ್ಲಾಡಿಸಿದೇನು? ಕುಣಿಯಾಕ ಬಾರದಾಕಿ ನೆಲ ಡೊಂಕು ಅಂದಳಂತ!

ಉಲ್ಟಾ ಯಾಕ ಮಾಡ್ತಿ? ಮುಂದಿನ ಮಾರಿ ನೋಡಿ ನಾಚಿಕಿ ಆತೇನು? … ಓ. ನನ್ನ ಪಾಠ ನನಗೇ ಒಪ್ಪಿಸಾಕ ಬಂದೀ. ಹೌದು, ನಾನೇ ಹೇಳಿದ್ದು. ಮುಂದಿನ ಮಾರಿ ಸುಳ್ಳು ಹೇಳ್ತದ, ಬೆನ್ನು ಹೇಳೂದಿಲ್ಲ. ಹಿಂದ ನಡಿಯೂ ದಾರ ಎಷ್ಟು ಟಾಕಾಕ್ಕ, ಅಂದ್ರ ಎಷ್ಟು ಕುಣಿಕಿಗಿ, ಒಮ್ಮೆ ಸಿಗಿಸ್ಯಾರ ಅಂತ ಎಣಿಸಿದ್ರ ಯಾರ ಕೈ ಅಂತ ಗೊತ್ತಾಗ್ತದ. ನಾನು ಮೂರು ಟಾಕಾಕ್ಕ ಒಮ್ಮೆ. ನೀ ಮೈಗಳ್ಳಿ, ಐದಕ್ಕ ಒಮ್ಮೆ. ತಾ ಇಲ್ಲಿ, ಬೆರಳಿಲೆ ಎಣಸ್ತೀನಿ. ಕೆಳಗಿನ ಸಾಲು… ಒಂದು, ಎರಡು, ಮೂರು, ನಾಕು, ಐದು. ಸಿಗಿಸಿ. ನಿಂದೇ! ಈಗ ಮ್ಯಾಲಿಂದು. ಒಂದು, ಎರಡು, ಮೂರು…

ಒಂದು, ಎರಡು, ಮೂರು.

…ಹಂಗ ನೋಡಬ್ಯಾಡ. ನನ್ನ ಕೈ ನೋಡಿ ಕಲತಿ, ನನ್ನಂಗೇ ಸಿಗಿಸಿರಬೇಕು. ಆತು, ಆತು! ನಾನೇ ಹಾಕೀನಿ, ಏನೀಗ? ತೊಟ್ಟಲಾ ಮೂರು ದಿನಕ್ಕಿತ್ತು, ನೀ ಇದ್ದಿಲ್ಲ, ಯಾರು ಹಾಕಬೇಕು? ಆದರ ತಪ್ಪು ನಿಂದೇ! ಅಂಚಿನ ನೀಲಿ ಉಲನ್ ಉಂಡಿ, ಗಿಳಿಯ ಹಸಿರು ಉಂಡಿ, ಎರಡೂ ಕಲಿಸಿ ಬುಟ್ಟಿಯಾಗ ಒಗದು ಹೋದಾಕಿ ನೀನು! ದಿನಾ ಮಾತ್ರ ಕೆಲಸ ಶುರು ಆಗೂಕಿಂತ ಮೊದಲ ಹಸಿರು ನನ್ನ ಬಲಕ್ಕ, ನೀಲಿ ಎಡಕ್ಕ ಇಡ್ತಿದ್ದಿ. ನಾನೇನು ಹೇಳಿದ್ದಿಲ್ಲ ನಿನಗ. ಕೂಸಿಗಿ ತಾಟು ಬಡಿಸಿದಂಗ ಜೋಡಿಸಿ ಇಡ್ತಿದ್ದಿ! ಎಷ್ಟು ಸಲ ಬೈದೀನಿ, ನನಗ ಬಣ್ಣ ತಿಳಿಯೂದಿಲ್ಲೇನು ಅಂತ…

ಇದೇನು, ಉಂಡಿ ತಂದು ಮಾರಿ ಮುಂದ ಹಿಡದಿ? ಪರೀಕ್ಷಾ ಮಾಡ್ತೀಯೇನು ನನಗ? ಸೊಕ್ಕು ನೋಡು! ಹಸಿರು. ಹಸಿರದ. ಆತಿಲ್ಲೋ?

ಯಾಕ ಕೈ ಇಳಸವಲ್ಲಿ? ಹಸಿರೇ ಅದ. ಗಿಳಿ ಹಸಿರು. ಕಿಡಕಿ ಕಡಿ ಹಿಡಿ… ಹಾಂ, ಹಸಿರೇ.

ಕುಲ್ಸುಮ್?

ಏನಾರ ಅನ್ನು. ಹೌದು ಅನ್ನು, ಇಲ್ಲ ಅನ್ನು. ನಿನ್ನ ಉಸಿರು ಕೇಳ್ತದ ನನಗ, ಇಲ್ಲೇ ನಿಂತೀ…

ನೀಲಿ ಅದೇನು ಅದು?

…ಎಷ್ಟು ದಿನದಿಂದ ಗೊತ್ತಿತ್ತು ನಿನಗ? ದಿನಾ ಬಲಕ್ಕ ಹಸಿರು, ಎಡಕ್ಕ ನೀಲಿ… ಒಂದು ಮಾತು ಆಡಲಾರದೇ! ಆ ಬೈಗಳ ಎಲ್ಲಾ ತಿಂದುಕೊಂಡು! ಯಾರು ಮಾಡು ಅಂದಿದ್ದರು ನಿನಗ? ನಾ ಕೇಳಿದ್ದಿಲ್ಲ ನಿನ್ನ ದಯಾ! ಹೌದು, ಸಕ್ರಿ ಬ್ಯಾನಿ ಕಣ್ಣು ತಿಂದದ. ಹೋದದ್ದು ತಿರುಗಿ ಬರೂದಿಲ್ಲ ಅಂದಾರ ಡಾಕ್ಟರು. ತೊಟ್ಟಲದಾಗ ಅವರು ನಕ್ಕಾಗಲೇ ತಿಳೀತು ನನಗ, ಇದು ನನ್ನ ಕೈಯ ಕೆಲಸ ಅಂತ. ತಿಳಿದೇ ನಿನ್ನ ಹೆಸರು ಹೇಳಿದೆ. ಬಣ್ಣ ತಿಳಿಯಲಾರದಾಕಿ ಕಡಿ ಬಣ್ಣದ ಹೆಣಿಕಿ ಕಲಿಯಾಕ ಯಾರು ಬರ್ತಾರ? ನೀ ವಯಸ್ಸಿನಾಕಿ, ಇನ್ನೊಂದು ದಾರಿ ಹುಡುಕ್ಕೋತೀ. ನನಗ ಇದೊಂದೇ ಇತ್ತು!

ಸಾಕು, ಫೋನ್ ತಾ. ನೀಲಕಂಠಗ ನೀನೇ ಹಚ್ಚಿ ನನ್ನ ಕಿವಿಗಿಡು, ನಂದೇ ತಪ್ಪು ಅಂತ ಹೇಳ್ತೀನಿ. ಬಂಡಮ್ಮಗೂ ಹೇಳ್ತೀನಿ, ಆಕಿ ಮನಿ ಪಡಸಾಲಿಯಾಗೇ, ಎಲ್ಲರ ಮುಂದ. ಇಷ್ಟೇ ಅಲ್ಲ ನಿನಗ ಬೇಕಾಗಿದ್ದು?

ಆದರ ಮೊದಲ ಒಂದು ಹೇಳು. ಬಂದಾಗಿಂದ ನಗ್ತೀ, ನಗ್ತೀ ಅಂತ ಬೈದೆ ನಿನಗ… ಖರೇ ನಕ್ಕಿದ್ದೇನು? ಈಗ ನಗಾಕತ್ತೀಯೋ, ಅಳಾಕತ್ತೀಯೋ? ಬಾಯಿ ಬಿಟ್ಟು ಹೇಳವ್ವಾ. ನನಗ ನಿನ್ನ ಮಾರಿ ಕಾಣವಲ್ದು.