ಹೆಗಲು ಕಂಡ ಸಾಗವಾನಿ

ಮಸ್ಕಿಯಲ್ಲಿ ಮಧ್ಯಾಹ್ನವೇ ದೀಪ ಹಚ್ಚುವಂತೆ ಮೋಡ ಕವಿದು, ಹಿಡಿದ ಮಳೆ ಬಿಡಲೇ ಇಲ್ಲ. ಮುದುಕ ಮೌಲಾಸಾಬರ ಬಡಗಿ ಅಂಗಡಿಯ ತಗಡಿನ ಕೆಳಗೆ ನಾಲ್ಕಾರು ಮಂದಿ ಬಂದು ನಿಂತಿದ್ದರು. ಜವಳಗೇರಾದ ಕನಕರಾಜ ಗೋಣಿಚೀಲ ಬಿಚ್ಚಿ, ಗದ್ದೆಯ ಹಂದಿ ಬೆದರಿಸುವ ಬಂದೂಕನ್ನು ಮುದುಕನ ಮುಂದಿಟ್ಟ. ಅಪ್ಪ ಹನುಮಂತರಾಯ ಸತ್ತ ಮೇಲೆ ಎಂಟು ತಿಂಗಳು ಠಾಣೆಯಲ್ಲಿದ್ದದ್ದು, ಲೈಸೆನ್ಸ್ ಇವನ ಹೆಸರಿಗಾಗಿ ನಿನ್ನೆಯಷ್ಟೇ ಮನೆಗೆ ಬಂದಿತ್ತು. ಹೆಗಲಿಗೆ ಆನಿಸುವ ಕಟ್ಟಿಗೆಯ ಕುಂದಾ ಸೀಳಿತ್ತು. ಬೇಗ ಮಾಡಿಕೊಡಿ ಎಂದು ಅವಸರಿಸಿದ.

ಮೌಲಾಸಾಬ್ ಸೀಳಿನ ಮೇಲೆ ಬೆರಳಾಡಿಸಿದರು. ಅಲ್ಲೊಂದು ಹಳೆಯ ತೇಪೆ ತಾಗಿದ್ದೇ ಕೈ ಹಿಂದಕ್ಕೆ ತೆಗೆದುಕೊಂಡರು.

“ಕೇಳ್ರಿ ಎಲ್ಲಾರೂ... ಈ ತ್ಯಾಪಿ ಹಾಕಿದಾವ ನಾನೇ. ಇಪ್ಪತ್ತು ವರ್ಷದ ಹಿಂದ ಇವನಪ್ಪ ಹಿಂಗ ಮಳ್ಯಾಗ ಬಂದು, ನಾಳಿಗೇ ಬೇಕು ಅಂತ ಕುಂತ. ಒಣಗಿದ ಸಾಗವಾನಿ ಎಲ್ಲಿಂದ ತರಲಿ? ಹಸಿ ಕಟ್ಟಿಗಿ ಹಾಕಿದ್ರ ಮತ್ತ ಬಿರಿತೈತಿ. ಮೂಲ್ಯಾಗ ಒಂದು ತುಂಡು ಬಿದ್ದಿತ್ತು... ಮಸೂತಿ ಜನಾಜಾಕ್ಕ, ಅದ ಹೆಣಾ ಹೊರೂ ಚಟ್ಟಕ್ಕ, ಹೊಸಾ ಕಟ್ಟಿಗಿ ಹಾಕಿಕೊಟ್ಟಿದ್ದೆ, ಅದರ ಹಳೇದು. ನೂರಾರು ಹೆಣ ಹೊತ್ತದ್ದು. ಮಣ್ಣು ಮಾಡಬೇಕಾಗಿತ್ತು ನಾ, ಮಾಡಲಿಲ್ಲ. ಕೆತ್ತಿ, ಅಂಟು ಹಚ್ಚಿ ಸೀಳಿನ್ಯಾಗ ಕುಂದರಿಸಿ, ಹುರಿ ಬಿಗದು ಒಣಗಿಸಿದೆ. ಕುಂದಾ ಮಾಡಿದಾವ ಮೊದಲು ತನ್ನ ಹೆಗಲಿಗಿಟ್ಟು ನೋಡಬೇಕಲ್ಲ? ಇಟ್ಟೆ... ಏನ್ ಹೇಳಲಿ, ಹೆಗಲ ಮ್ಯಾಲೆ ಒಬ್ಬ ಮನಿಷ್ಯಾ ಮಲಗಿದಂಗಾತು. ಬಂದೂಕು ಕೆಳಗಿಟ್ಟರೂ ಇಳೀಲಿಲ್ಲ.

“ಜನಾಜಾಕ್ಕ ಒಬ್ಬನೇ ಎಷ್ಟೊತ್ತು ಹೆಗಲ ಕೊಡತಾನ? ಇನ್ನೊಬ್ಬಾವ ಬಂದು ಕೊಟ್ರ, ಮೊದಲಿನಾವ ಸರಿತಾನ. ಮರುದಿನ ಹನುಮಂತರಾಯ ಬಂದು ಬಂದೂಕು ಹೆಗಲಿಗಿಟ್ಟ... ನಾ ಹಗುರಾದೆ. ಬಾಯಿ ಮುಚಗೊಂಡು ಕುಂತೆ.”

ಕನಕರಾಜನಿಗೆ ಅಪ್ಪನ ಬಲಹೆಗಲು ನೆನಪಾಯಿತು. ಅದು ಸದಾ ಕೆಳಗೆ ಬಾಗಿರುತ್ತಿತ್ತು. ಭತ್ತದ ಚೀಲ ಹೊತ್ತು ಹಾಗಾಗಿದೆ ಎಂದೇ ಮನೆಯವರೆಲ್ಲ ನಂಬಿದ್ದರು.

“ಅವ ಸತ್ತ ದಿನ ಅದು ವಾಪಸ್ ನನ್ನ ಹುಡುಕ್ಕೊಂಡು ಬಂತು. ಎಂಟು ತಿಂಗಳು ಹೊತ್ತೀನಿ... ಇವತ್ತ ಮುಂಜಾನಿ ಚಾ ಕುಡಿಯಾಕತ್ತಿದ್ದೆ, ಒಮ್ಮಿಗೇ ಹಗುರಾತು. ನೀ ಇಟ್ಟಿದ್ದೇನಪಾ, ಹೆಗಲಿಗೆ?”

ಕನಕರಾಜ ಇಟ್ಟಿರಲಿಲ್ಲ. ಸದ್ಯ ಬಚಾವಾದೆ ಅಂದುಕೊಳ್ಳುವಷ್ಟರಲ್ಲಿ ಮನೆಯಲ್ಲಿ ಮಲಗಿದ್ದ ಮಗಳು ನೆನಪಾದಳು. ಮುಂಜಾನೆ ಪ್ರಿಯಾಂಕಾ ಹಟ ಹಿಡಿದು, ಖಾಲಿ ಬಂದೂಕನ್ನು ಹೆಗಲಿಗಿಟ್ಟು ಫೋಟೋ ತೆಗೆಸಿಕೊಂಡಿದ್ದಳು. ತೆಗೆದವನು ಇವನೇ. ಆಮೇಲೆ ಹೆಗಲು ಭಾರ ಎಂದು ಶಾಲೆಗೆ ಹೋಗದೆ ಮಲಗಿದವಳನ್ನು, ನೆವ ಹೇಳುತ್ತಾಳೆಂದು ಗದರಿಸಿ ಬಂದಿದ್ದ.

“ನನ್ನ ಮಗಳು...” ಎಂದ.

ಮೌಲಾಸಾಬ್ ತಲೆ ತಗ್ಗಿಸಿದರು. ಆದರೆ ಬಂದೂಕಿಗೆ ಕೈ ಚಾಚಲಿಲ್ಲ. ಕನಕರಾಜ ಅವರ ಕೈಗಳನ್ನೇ ನೋಡಿದ. ಆಮೇಲೆ ತಾನೇ ಬಂದೂಕು ಎತ್ತಿ, ಕುಂದಾವನ್ನು ಹೆಗಲಿಗೆ ಒತ್ತಿಕೊಂಡ. ಸುತ್ತಲಿದ್ದವರು ಮಳೆಯನ್ನೂ ಲೆಕ್ಕಿಸದೆ ಅಂಗಳಕ್ಕಿಳಿದರು. ಅವನ ಬಲಹೆಗಲು ಮೆಲ್ಲಗೆ ಕೆಳಗೆ ಬಾಗಿತು.

“ಮನಿಗೆ ಫೋನ್ ಹಚ್ಚಪಾ,” ಎಂದರು ಮೌಲಾಸಾಬ್, ತಲೆ ಎತ್ತದೆ. “ಹಗುರಾತೇನವಾ ಅಂತ ಮಗಳನ್ನ ಕೇಳು...”