ಒಡೆಯನಿಲ್ಲದ ಸೈರನ್

ಇದು ನನ್ನ ಚಿಕ್ಕಪ್ಪನ ಮಗ ಮೇದೆರ್‌ಗೆ ಆಗಿದ್ದು. ನಗೋರು ಈಗಲೇ ನಕ್ಕುಬಿಡಿ...

ಜನವರಿ, ಗುರುವಾರ. ಸಂಜೆ ಆರಕ್ಕೇ ನಮ್ಮ ಕಣಿವೇಲಿ ಕತ್ತಲು. ಮೇದೆರ್ ಆಫೀಸಿಗೆ ಬೀಗ ಹಾಕಿ ಮನೆಗೆ ಹೊರಟ. ದಾರೀಲಿ ಬುಗ್ಗೆ, ಅದರ ಪಕ್ಕ ಹರಕೆಗೆ ಬಟ್ಟೆ ಚೂರು ಕಟ್ಟಿದ ಹಳೇ ಕರಗಾಚ್ ಮರ.

ಆಫೀಸು ಅಂದ್ರೆ ಹಿಮಕುಸಿತದ ಆಫೀಸು. ಬೆಟ್ಟದಲ್ಲಿ ಹಿಮ ಸಡಿಲವಾದ್ರೆ ಸರ್ವರ್‌ಗೆ ಗೊತ್ತಾಗುತ್ತೆ, ಅದು ಸೈರನ್ ಕೂಗಿಸುತ್ತೆ, ಕೆಳಗಿನ ಬೀದಿಯವರು ಎದ್ದು ಓಡ್ತಾರೆ. ನಾನು ಅಲ್ಲೇ ಹಿಮ ತಳ್ಳೋ ಟ್ರಾಕ್ಟರ್ ಓಡಿಸ್ತೀನಿ. ಸರ್ವರ್ ನೋಡ್ಕೊಳ್ತಿದ್ದ ಸಾಬಿರ್‌ಕುಲ್ ಬಾಯ್ಕೆ, ಹಿರಿಯರನ್ನ ನಾವು ಹಾಗೇ ಕರೆಯೋದು, ಎದೆನೋವಿಂದ ತೀರಿಕೊಂಡು ಆಗ ಇಪ್ಪತ್ತೊಂಬತ್ತು ದಿನ. ಅವರ ಜಾಗಕ್ಕೆ ಬಂದವನು ಅವರ ಶಿಷ್ಯ, ಈ ಮೇದೆರ್.

ಅವತ್ತು ಮಧ್ಯಾಹ್ನ ಸೈರನ್ ಕೂಗಿಸೋಕೆ ಹೊಸ ಸಾಫ್ಟ್‌ವೇರ್ ಹಾಕಿದ. ಅದಕ್ಕೇ ಅಂತ ಸರ್ವರ್‌ನಲ್ಲಿ ಬೇರೆ ಬಳಕೆದಾರನ ಖಾತೆ ಮಾಡಿ, ಬೇಕಾದಷ್ಟೇ ಅಧಿಕಾರ ಅಳೆದು ಕೊಟ್ಟ. ಅದು ಸರಿಯಾದ ಕ್ರಮವೇ. ಆಮೇಲೆ ಬಾಯ್ಕೆಯ ಖಾತೆ ಅಳಿಸೋಕೆ ಕೂತ. ಅಷ್ಟರಲ್ಲಿ ಅವರ ಹೆಂಡತಿ ಕಲೀಪಾ ಎಜೆ, ನಮಗೆಲ್ಲ ಅಕ್ಕ, ಎಣ್ಣೇಲಿ ಕರಿದ ಹಿಟ್ಟಿನ ಬಿಸಿ ಬೋರ್ಸೋಕ್ ಹಿಡ್ಕೊಂಡು ಬಂದ್ರು. ಗುರುವಾರ ಸತ್ತವರಿಗೆ ಕರಿದ ಎಣ್ಣೆಯ ವಾಸನೆ ಮುಟ್ಟಬೇಕಲ್ಲ.

"ನಲವತ್ತು ದಿನ ಆಗೋತನಕ ಅವರ ಹೆಸರು ತೆಗೀಬೇಡ ಕಣೋ ತಮ್ಮಾ."

"ಸತ್ತೋರ ಕೈಲಿ ಬೀಗದ ಕೈ ಬಿಡೋಕಾಗುತ್ತಾ ಎಜೆ? ಕಳ್ಳರು ನುಗ್ಗೋದೇ ಅಲ್ಲಿಂದ."

"ನಿನಗೆ ಕೆಲಸ ಕಲಿಸಿದೋರು ಈಗ ಕಳ್ಳರಾದ್ರೇನೋ?"

ಅವರು ಹೋದ್ಮೇಲೆ ಅಳಿಸಿದ.

ಆದ್ರೆ ಸೈರನ್ ಕೂಗಿಸೋ ಕಡತ ಇನ್ನೂ ಬಾಯ್ಕೆಯ ಒಡೆತನದಲ್ಲೇ ಇತ್ತು. ಆ ಸರ್ವರ್ ನಡೆಸೋ ಯುನಿಕ್ಸ್ ಹಾಗೇನೇ... ಒಡೆಯ ಬಿಟ್ಟುಕೊಡದೆ ಬೇರೆ ಬಳಕೆದಾರ ಮುಟ್ಟೋ ಹಾಗಿಲ್ಲ. ಈಗ ಒಡೆಯನ ಹೆಸರಿದ್ದ ಕಡೆ ಬರೀ ಒಂದು ಸಂಖ್ಯೆ. ಕಡತವನ್ನ ಆ ಹೊಸ ಬಳಕೆದಾರನ ಹೆಸರಿಗೆ ಮಾಡೋಕೆ ಒಂದೇ ಸಾಲು ಬರೀಬೇಕಿತ್ತು. ಬೆಳಿಗ್ಗೆ ಮಾಡಿದ್ರಾಯ್ತು ಅಂತ ಎದ್ದುಬಿಟ್ಟ.

ಮರದ ಹತ್ತಿರ ಬಂದಾಗ ಹಿಂದೆ ಹೆಜ್ಜೆ. ಕರುಕ್... ಕರುಕ್... ಗಟ್ಟಿ ಹಿಮದ ಮೇಲೆ ಬೂಟಿನ ಸದ್ದು. ಇವನು ನಿಂತ. ಅದೂ ನಿಂತಿತು.

"ಮೇದೆರ್... ಸೈರನ್ ಯಾರ ಹೆಸರಲ್ಲಿದೆ?"

"ಯಾರ ಹೆಸರಲ್ಲೂ ಇಲ್ಲ ಬಾಯ್ಕೆ," ಅಂದ. ಎಷ್ಟೋ ವರ್ಷ ಆ ದನಿಗೆ ಉತ್ತರ ಕೊಟ್ಟ ಅಭ್ಯಾಸ.

"ಹಂಗಾದ್ರೆ... ಕೂಗಿಸೋರ್ಯಾರು?"

ಆಗ ನೆನಪಾಯ್ತು, ಬಾಯ್ಕೆ ಇಲ್ಲ ಅಂತ.

ವಾಪಸ್ ಹೋಗಿ ಆ ಒಂದು ಸಾಲು ಬರೀಬೇಕಿತ್ತು. ಮನೆಗೆ ಓಡಿದ. ಚಿಲಕ ಹಾಕಿ ಮುಸುಕು ಹೊದ್ದು ಮಲಗಿದ. ನನಗೆ ಇವತ್ತಿಗೂ ಸಿಟ್ಟಿರೋದು ಅದಕ್ಕೇ.

ನಸುಕಿಗೆ ನಾಲ್ಕೂ ಹನ್ನೆರಡಕ್ಕೆ ಬೆಟ್ಟ ಜಾರಿತು. ಧುಮ್... ಒಂದೇ ಸದ್ದು. ಸೈರನ್ ಕೂಗಲೇ ಇಲ್ಲ. ಕೆಳಗಿನ ಬೀದಿಯ ಕೊನೇ ಮನೆ ಮುಚ್ಚಿಹೋಯ್ತು. ಕಲೀಪಾ ಎಜೆಯ ಮನೆ. ಅಗೆದು ತೆಗೆದಾಗ ಅವರ ಕೈಯಲ್ಲಿ ಇನ್ನೂ ಎಣ್ಣೆ ವಾಸನೆ ಇತ್ತು.

ಆಮೇಲೆ ಮೇದೆರ್ ಜೊತೆ ಹೋಗಿ ಆಫೀಸು ತೆಗೆದೆ. ಬೀಗ ಹಾಕಿದ್ದು ಹಾಗೇ ಇತ್ತು, ಕೀಲಿ ರಾತ್ರಿಯೆಲ್ಲಾ ಅವನ ಜೇಬಲ್ಲೇ. ಸರ್ವರ್‌ನ ದಾಖಲೆ ನೋಡಿದ್ವಿ. ನಾಲ್ಕೂ ಹನ್ನೆರಡಕ್ಕೆ ಒಂದು ಸಾಲು: ಸೈರನ್, ಅನುಮತಿ ಇಲ್ಲ. ಅದಕ್ಕೆ ಮುಂಚೆ, ಮೇದೆರ್ ಮನೆಗೆ ಓಡಿದ ಹೊತ್ತಿಂದ, ಪುಟಗಟ್ಟಲೆ ಒಂದೇ ಮಾತು. ಆ ಕೋಣೆಯ ಕೀಲಿಮಣೆಯಿಂದಲೇ ಯಾರೋ ಸಾಬಿರ್‌ಕುಲ್ ಅಂತ ಹೆಸರು ಒತ್ತಿ ಒಳಗೆ ಬರೋಕೆ ನೋಡಿದ್ರು. ಪ್ರತಿ ಸಲವೂ ಉತ್ತರ: ಇಂಥ ಬಳಕೆದಾರ ಇಲ್ಲ... ಇಂಥ ಬಳಕೆದಾರ ಇಲ್ಲ...

ಯಂತ್ರ ಕೆಟ್ಟಿತ್ತು ಅನ್ನಿ, ನಾನು ಜಗಳಕ್ಕೆ ಬರಲ್ಲ. ಆದ್ರೆ ಕೀಲಿಮಣೆ ಮೇಲೆ ಹಿಮ ಕರಗಿದ ನೀರಿತ್ತು. ನನ್ನ ಟೋಪಿ ತೆಗೆದು ಒರೆಸಿದ್ದು ನಾನೇ.