ಎಲ್ಲ ನೋಕ್‌ಗಳಿಗೂ ಬಂದ ಕಾಗದ

ವಿಹಾರದ ಪೂಜ್ಯ ಭಿಕ್ಷುಗಳೇ, ಅಧ್ಯಕ್ಷರ ಕುರ್ಚಿಯಲ್ಲಿ ಬೆವರು ಒರೆಸಿಕೊಳ್ಳುತ್ತಿರುವ ನಮ್ಮ ಹೆಡ್‌ಮಾಸ್ಟರ್ ವಿಚಿಯನ್ ಅವರೇ, ಊರ ಮುಖಂಡರಾದ ಸೊಂಬುನ್ ಅವರೇ, ಮುಂದಿನ ಸಾಲಿನಲ್ಲಿ ಮಡಿಲ ತುಂಬ ಮಲ್ಲಿಗೆ ಇಟ್ಟುಕೊಂಡು ಕೂತಿರುವ ಅಮ್ಮಂದಿರೇ, ಅಜ್ಜಿಯರೇ, ಈಗಷ್ಟೇ ಅವರ ಕಾಲಿಗೆರಗಿ ಎದ್ದು ಮಂಡಿಯ ಧೂಳು ಕೊಡವುತ್ತಿರುವ ನನ್ನ ಮಕ್ಕಳೇ, ಮತ್ತು ಈ ಮುದುಕಿಯ ಮಾತು ಮುಗಿದರೆ ಊಟಕ್ಕೇಳಬಹುದಲ್ಲ ಎಂದು ಅಡುಗೆಯ ಕಡೆಗೇ ಕಣ್ಣಿಟ್ಟಿರುವ ಸಮಸ್ತ ಸಭಿಕರೇ,

ಮುಂದಿನ ತಿಂಗಳು ನನಗೆ ನಿವೃತ್ತಿ. ಈ ಖೋಕ್ ಮಖಾಮ್ ಶಾಲೆಯಲ್ಲಿ ಇದು ನನ್ನ ಕೊನೆಯ ತಾಯಂದಿರ ದಿನ. ಅಮ್ಮನಿಗೆ ಮನಸಾರೆ ಪತ್ರ ಬರೆಯಲು ಮಕ್ಕಳಿಗೆ ಹೇಗೆ ಕಲಿಸುತ್ತೀರಿ, ಅದರ ಗುಟ್ಟು ಹೇಳಿ ಹೋಗಿ ಎಂದು ಹೆಡ್‌ಮಾಸ್ಟರು ಕೇಳಿದ್ದಾರೆ. ತಾಯಿಯೇ ಆಗದವಳನ್ನು ಈ ವಿಷಯಕ್ಕೆ ನಿಲ್ಲಿಸಿದ ಅವರ ಧೈರ್ಯವನ್ನು ಮೆಚ್ಚಬೇಕು. ನಾನು ಮದುವೆಯಾಗದೆ ಉಳಿದದ್ದು ಯಾರೂ ಕೇಳಲಿಲ್ಲ ಅಂತಲ್ಲ. ಸೊಂಬುನ್ ಅವರೇ, ನೀವು ಹಾಗೆ ತಲೆ ತಗ್ಗಿಸಬೇಕಾಗಿಲ್ಲ, ನಿಮ್ಮ ಹೆಸರು ಹೇಳುವುದಿಲ್ಲ.

ಗುಟ್ಟೇನೂ ಇಲ್ಲ. ನಾನು ಈ ಶಾಲೆಗೆ ಬಂದಾಗ ತಾಯಂದಿರ ದಿನದ ಪತ್ರವನ್ನು ಟೀಚರೇ ಹಲಗೆಯ ಮೇಲೆ ಬರೆಯುತ್ತಿದ್ದರು. ಅಮ್ಮಾ ನೀನು ಹೊತ್ತೆ, ಹೆತ್ತೆ, ಹಾಲುಣಿಸಿದೆ, ನಾನು ಒಳ್ಳೆಯ ಮಗುವಾಗುತ್ತೇನೆ. ಮಕ್ಕಳು ಅದನ್ನೇ ಇಳಿಸಿಕೊಳ್ಳುತ್ತಿದ್ದರು. ಎಲ್ಲ ಅಮ್ಮಂದಿರಿಗೂ ಒಂದೇ ಪತ್ರ, ಎಲ್ಲ ಅಮ್ಮಂದಿರಿಗೂ ಒಂದೇ ಅಳು. ಅಳುವುದಕ್ಕೇನು, ಮೈಕಿನಲ್ಲಿ ಓದಿದರೆ ನಮ್ಮ ಅಮ್ಮಂದಿರು ಬಸ್ಸಿನ ವೇಳಾಪಟ್ಟಿ ಕೇಳಿದರೂ ಅಳುತ್ತಾರೆ.

ನಾನು ಹಲಗೆ ಒರೆಸಿದೆ. ಕಣ್ಣು ಮುಚ್ಚಿಕೊಳ್ಳಿ, ಅಮ್ಮ ಮನೆಯೊಳಗೆ ಬಂದದ್ದು ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಒಬ್ಬ ಹುಡುಗ, ಈಗ ಸಹಕಾರ ಸಂಘದಲ್ಲಿ ದೊಡ್ಡ ಮನುಷ್ಯ, ಅಮ್ಮ ಬಂದಳು ಅಂತ ಮೊದಲು ನಾಯಿಗೆ ಗೊತ್ತಾಗುತ್ತದೆ, ಚಪ್ಪಲಿ ಬೀಳುವುದು ಅದರ ಮೇಲೆ, ಆಮೇಲೆ ನನ್ನ ಮೇಲೆ ಎಂದ. ಇನ್ನೊಬ್ಬಳು, ಅಮ್ಮನ ಕೈ ಮೀನಿನ ವಾಸನೆ ಬರುತ್ತದೆ, ಆ ಕೈಯಲ್ಲೇ ನನ್ನ ಕೆನ್ನೆ ಹಿಡಿಯುತ್ತಾಳೆ, ಬೇಡ ಅನ್ನುತ್ತೇನೆ, ಆದರೆ ಬೇಕು ಎಂದಳು. ನೋಡಿ, ಪತ್ರ ಎಂದರೆ ಅದು. ಇದಕ್ಕೆ ಟೀಚರು ಯಾಕೆ ಬೇಕು?

ಆದರೆ ಒಬ್ಬಳು ಮಾತ್ರ ಕಣ್ಣು ಬಿಟ್ಟುಕೊಂಡೇ ಕೂತಿದ್ದಳು. ಆಗ ಮೊಬೈಲು ಇರಲಿಲ್ಲ, ಊರಿಗೆಲ್ಲ ಒಂದೇ ಫೋನು, ಅದೂ ಅಂಗಡಿಯದು, ಅದೂ ಕೆಟ್ಟಿರುತ್ತಿತ್ತು. ತೋಯ್ ಎಂಬ ಆ ಹುಡುಗಿಯನ್ನು ಸಾಕುತ್ತಿದ್ದವರು ಬುನ್‌ಮಾ ಅಜ್ಜಿ. ತಾಯಿ ನೋಕ್, ದೂರದ ಚೋನ್‌ಬುರಿಯ ಕಡೆ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿದ್ದಳು. ಬರುತ್ತಿದ್ದದ್ದು ಏಪ್ರಿಲ್‌ನಲ್ಲಿ, ಹೊಸ ವರ್ಷಕ್ಕೆ. ನೀರೆರಚಾಟದ ಬಟ್ಟೆ ಒಣಗುವ ಮೊದಲೇ ಹೊರಟುಬಿಡುತ್ತಿದ್ದಳು.

ನಾನು ಪಕ್ಕದಲ್ಲಿ ಕೂತೆ. ತೋಯ್ ಹೇಳಿದಳು: “ಟೀಚರ್, ಅಮ್ಮನ ಬಗ್ಗೆ ಬರೆಯೋಕೆ ನಂಗೆ ಏನೂ ಗೊತ್ತಿಲ್ಲ.”

ಇಂಥ ಮಾತಿಗೆ ತರಬೇತಿ ಕಾಲೇಜಿನಲ್ಲಿ ಉತ್ತರ ಹೇಳಿಕೊಟ್ಟಿರುವುದಿಲ್ಲ. ಸುಮ್ಮನೆ ಬಾಯಿಗೆ ಬಂದದ್ದು ಹೇಳಿದೆ. “ಹಾಗಾದ್ರೆ ನಿನ್ನ ಬಗ್ಗೆ ಅಮ್ಮಂಗೆ ಏನು ಗೊತ್ತಿಲ್ವೋ ಅದನ್ನ ಬರಿ.”

ತೋಯ್ ಕಾರ್ಡಿನ ಮೂಲೆಮೂಲೆಯೂ ತುಂಬುವಂತೆ ಬರೆದಳು. ಪಕ್ಕದಲ್ಲೇ ಕೂತು ಓದಿಕೊಂಡ ನನಗೆ ಅದು ಬಾಯಿಪಾಠ, ಕೇಳಿ. ಅಮ್ಮಾ, ನನ್ನ ಮುಂದಿನ ಹಲ್ಲು ಬಿತ್ತು, ಮತ್ತೆ ಬಂತು, ಸ್ವಲ್ಪ ಸೊಟ್ಟ. ನೀನು ಬಿಟ್ಟುಹೋದ ಕಂದು ಕೋಳಿ ಸತ್ತಿತು, ಅದರ ಮರಿಗಳು ಮೊಟ್ಟೆ ಇಡುತ್ತಿವೆ. ಅಜ್ಜಿ ಮರೆತು ನಿನ್ನ ತಟ್ಟೆಯನ್ನೂ ಇಡುತ್ತಾಳೆ, ಆಮೇಲೆ ತೆಗೆಯುವುದಿಲ್ಲ. ನೀನು ಊರಿಗೆ ಬಂದಾಗ ನಾನು ಅಜ್ಜಿಯ ಹಿಂದೆ ಬಚ್ಚಿಟ್ಟುಕೊಳ್ಳುತ್ತೇನಲ್ಲ, ಅದು ನೀನು ಬೇಡ ಅಂತಲ್ಲ, ನಾಚಿಕೆ. ನಾಚಿಕೆ ಹೋಗುವಷ್ಟರಲ್ಲಿ ನೀನು ಹೊರಟುಬಿಡುತ್ತೀಯ. ಈ ಸಲ ಸ್ವಲ್ಪ ಮುಂಚೆ ಬಾ.

ಕೊನೆಯಲ್ಲಿ ಸಹಿ: ನಿನ್ನ ಪುಟ್ಟಿ. ಹೆಸರಿಲ್ಲ. ಅಮ್ಮನಿಗೆ ಬರೆಯುವಾಗ ಯಾರಾದರೂ ಹೆಸರು ಹಾಕುತ್ತಾರೆಯೇ? ನನ್ನ ಮೇಜಿಗೂ ತರದೆ ತಾನೇ ಓಡಿಹೋಗಿ ಅಂಚೆ ಡಬ್ಬಿಗೆ ಹಾಕಿ ಬಂದಳು. ವಿಳಾಸ ಬರೆದೆಯಾ ಎಂದೆ. ಬರೆದೆ ಎಂದಳು. ಏನಂತ? ‘ಅಮ್ಮ ನೋಕ್‌ಗೆ’, ಕೆಳಗೆ ಕಾರ್ಖಾನೆಯ ಹೆಸರು.

ಸಭಿಕರೇ, ನೀವೀಗ ನಗುತ್ತಿದ್ದೀರಿ. ನಗುವವರು ಪಕ್ಕದಲ್ಲಿ ಕೂತವರ ಉದ್ದ ಹೆಸರು ಹೇಳಿ ನೋಡೋಣ. ಆ ಹೆಸರು ಸರ್ಕಾರಕ್ಕೆ ಗೊತ್ತು, ಚಿತೆಗೇರಿಸುವ ದಿನ ಊರಿಗೆ ಗೊತ್ತಾಗುತ್ತದೆ. ಅಲ್ಲಿಯವರೆಗೆ ನಾವೆಲ್ಲ ಬರೀ ಅಡ್ಡಹೆಸರಿನವರು: ಹಕ್ಕಿ, ಕಪ್ಪೆ, ಕಬ್ಬು, ಗುಂಡಿ. ಮಗಳನ್ನು ನೋಕ್, ಅಂದರೆ ಹಕ್ಕಿ, ಎಂದು ಮುದ್ದಿನಿಂದ ಕರೆದ ತಾಯಂದಿರು ನಮ್ಮ ಸೀಮೆಯಲ್ಲಿ ಎಷ್ಟು ಜನ! ಆ ಕಾರ್ಖಾನೆಯಲ್ಲಿ ಸಾಲಿಗೊಬ್ಬಳು ನೋಕ್ ಇದ್ದಳು.

ಗೇಟಿನವನು ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿ, ಊಟದ ಹೊತ್ತಿಗೆ ಕ್ಯಾಂಟೀನಿಗೆ ತಂದು ಮೈಕಿನಲ್ಲಿ ಓದಿದನಂತೆ. ಮುಂಚೆ ಬಾ ಎನ್ನುವಲ್ಲಿಗೆ ಬಂದಾಗ ನೋಕ್‌ಗಳೆಲ್ಲ ಎದ್ದು ನಿಂತಿದ್ದರು. ಕಾಗದ ನನ್ನದು ಎಂದು ಒಬ್ಬಳು, ನನ್ನದು ಎಂದು ಇನ್ನೊಬ್ಬಳು. ಕಂದು ಕೋಳಿ ನಮ್ಮ ಮನೆಯದು ಎಂದರೆ, ಕಂದು ಕೋಳಿ ಇಲ್ಲದ ಮನೆ ಯಾವುದಮ್ಮಾ ಎಂಬ ಜಗಳ. ಎಲ್ಲರ ಮಕ್ಕಳೂ ಅಜ್ಜಿಯ ಹಿಂದೆ ಬಚ್ಚಿಟ್ಟುಕೊಳ್ಳುವವರೇ. ನಮ್ಮ ನೋಕ್ ಮಾತ್ರ ಎದ್ದವಳು ಹಾಗೇ ಕೂತುಬಿಟ್ಟಳು. ತನ್ನ ಮಗಳ ಹಲ್ಲು ಬಿದ್ದಿದೆಯೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಮೇಲೆ ಉತ್ತರ ಬರೆಯುವುದು ಹೇಗೆ?

ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ಇಲ್ಲಿ ತೋಯ್ ದಿನಾ ಅಂಚೆಯವನ ಸೈಕಲ್ಲಿಗೆ ಕಾಯುತ್ತಿದ್ದಳು. ಮಳೆಗಾಲ ಮುಗಿಯಿತು, ಭತ್ತದ ಕಟಾವು ಮುಗಿಯಿತು, ಉತ್ತರ ಬರಲಿಲ್ಲ. ನಾಚಿಕೆ ಅಂತ ಬರೆದದ್ದಕ್ಕೆ ಅಮ್ಮನಿಗೆ ಬೇಜಾರಾಗಿರಬೇಕು ಎಂದಳು. ಹಲಗೆಯ ಮೇಲಿನ ಪತ್ರವೇ ವಾಸಿಯಿತ್ತೇನೋ, ಅದಕ್ಕೆ ಯಾರೂ ಉತ್ತರ ಕಾಯುವುದಿಲ್ಲವಲ್ಲ ಎಂದು ನನಗೆ ಅನ್ನಿಸಿತು.

ಮಾರ್ಚ್ ಮುಗಿಯುತ್ತ ಬಂದಿತ್ತು. ಹೊಸ ವರ್ಷಕ್ಕೆ ಇನ್ನೂ ಎಷ್ಟೋ ದಿನ ಇರುವಾಗಲೇ ನಮ್ಮ ಊರ ತಿರುವಿನಲ್ಲಿ ಬಸ್ಸು ನಿಂತು ನೋಕ್ ಇಳಿದಳು. ಅಲ್ಲಿ ನೋಕ್‌ಗಳೆಲ್ಲ ಒಟ್ಟಾಗಿ ಮೇಲ್ವಿಚಾರಕನ ಮುಂದೆ ನಿಂತು, ಕಾಗದ ಯಾರದೆಂದು ಮನೆಗೆ ಹೋಗಿಯೇ ನೋಡಬೇಕು, ಮುಂಚೆ ರಜೆ ಕೊಡು ಎಂದಿದ್ದರಂತೆ. ಹಿಂದೆಯೇ ಕಪ್ಪೆ, ಕಬ್ಬುಗಳೂ ನಿಂತವಂತೆ. ಪಾಪ, ಅವನೇನು ಮಾಡಿಯಾನು?

ನಾನು ಆಗ ಬುನ್‌ಮಾ ಅಜ್ಜಿಯ ಮನೆಯಲ್ಲೇ ಇದ್ದೆ. ಏನೋ ಕೆಲಸವಿತ್ತು. ಕೆಲಸವೇನಿಲ್ಲ, ದಿನಾ ಸಂಜೆ ಹೋಗುತ್ತಿದ್ದೆ. ತೋಯ್ ಅಜ್ಜಿಯ ಹಿಂದೆ ಸರಿದಳು, ಎಂದಿನಂತೆ. ನೋಕ್ ಅವಳನ್ನು ಎಳೆಯಲಿಲ್ಲ, ಹತ್ತಿರವೂ ಹೋಗಲಿಲ್ಲ. ಚೀಲ ಇಳಿಸಿ ಮನೆಗೆ ಹತ್ತುವ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಕೂತು ಕೇಳಿದಳು: “ಪುಟ್ಟೀ, ನಿನ್ನ ಮುಂದಿನ ಹಲ್ಲು ಬಿದ್ದು ಬಂತಾ?”

ಅಜ್ಜಿಯ ಸೊಂಟದ ಪಕ್ಕದಿಂದ ಒಂದು ಮುಖ ಹೊರಗೆ ಬಂತು. ಬಾಯಿ ತೆರೆದು ಸೊಟ್ಟ ಹಲ್ಲು ತೋರಿಸಿತು.

“ಹಾಗಾದ್ರೆ ಕಾಗದ ನಂದೇ,” ಎಂದಳು ನೋಕ್. ಎಂದು ಅತ್ತಳು. “ನೀನು ನಿಧಾನಕ್ಕೆ ಬಾ. ನಾಚಿಕೆ ಹೋಗೋವರ್ಗೂ ನಾನು ಇಲ್ಲೇ ಕೂತಿರ್ತೀನಿ.”

ಅನ್ನ ಬೇಯುವಷ್ಟು ಹೊತ್ತೂ ಹಿಡಿಯಲಿಲ್ಲ ಬಿಡಿ. ನಾನು ಹೇಳದೆ ಎದ್ದು ಬಂದೆ. ದಾರಿಯುದ್ದಕ್ಕೂ ನಗುತ್ತಿದ್ದೆ, ಎದುರಿಗೆ ಬಂದವರು ಟೀಚರಿಗೆ ಏನೋ ಆಗಿದೆ ಅಂದುಕೊಂಡರು. ಆ ತೋಯ್ ಇಗೋ ಈ ಸಾಲಿನಲ್ಲಿ ಮಗಳು ಕೊಟ್ಟ ಮಲ್ಲಿಗೆ ಹಿಡಿದು ಕೂತಿದ್ದಾಳೆ, ಹಲ್ಲು ಇನ್ನೂ ಸೊಟ್ಟ. ಪಕ್ಕದಲ್ಲಿ ನೋಕ್.

ಬರಲಾಗದ ಅಮ್ಮಂದಿರ ಬದಲಿಗೆ ಈ ಸಾಲಿನ ಕೊನೆಯ ಕುರ್ಚಿಯಲ್ಲಿ ಪ್ರತಿ ವರ್ಷ ನಾನು ಕೂತಿದ್ದೇನೆ. ಕುರ್ಚಿ ಖಾಲಿ ಇದ್ದರೆ ಚೆನ್ನಾಗಿ ಕಾಣುವುದಿಲ್ಲ ಅಂತ, ಬೇರೇನಿಲ್ಲ. ಆ ಮಕ್ಕಳು ಕೊಟ್ಟ ಮಲ್ಲಿಗೆಯನ್ನು ಮನೆಯಲ್ಲಿ ನೀರಿಗೆ ಹಾಕಿ ಕಂದಾಗುವವರೆಗೂ ಇಡುತ್ತಿದ್ದದ್ದು ನಿಜ. ಹೂವನ್ನು ಎಸೆಯಬಾರದಲ್ಲ.

ಕೊನೆಯದಾಗಿ ಒಂದು ಪ್ರಕಟಣೆ. ಇವತ್ತು ಬೆಳಿಗ್ಗೆ ನನ್ನ ಮೇಜಿನ ಮೇಲೆ ಒಂದು ಕಾರ್ಡು ಸಿಕ್ಕಿದೆ. ಮೇಲೆ ‘ಅಮ್ಮನಿಗೆ’ ಎಂದಷ್ಟೇ ಇದೆ. ಒಳಗೆ, ನಾಚಿಕೆಯಾಗಿ ಇಷ್ಟು ವರ್ಷ ಹೇಳಲಿಲ್ಲ ಎಂದಿದೆ. ಸಹಿ ಇಲ್ಲ. ಅಕ್ಷರದಿಂದ ಕಂಡುಹಿಡಿಯೋಣವೆಂದರೆ ಈ ಊರಿನ ಅಕ್ಷರವನ್ನೆಲ್ಲ ತಿದ್ದಿದವಳು ನಾನೇ, ಎಲ್ಲ ಒಂದೇ ಥರ. ಎಲ್ಲಿಗೋ ಹೋಗಬೇಕಾದದ್ದು ತಪ್ಪಿ ಬಂದಿರಬಹುದು. ಬರೆದವರು ದಯವಿಟ್ಟು ಎದ್ದು ನಿಲ್ಲಬೇಡಿ, ವಾಪಸು ಕೇಳಬೇಡಿ. ಕೇಳಿದರೂ ಕೊಡುವುದಿಲ್ಲ.

ಕಾಗದ ನನ್ನದೇ.

ಮಲ್ಲಿಗೆ ಕಟ್ಟಿದವರಿಗೆ, ಕುರ್ಚಿ ಹಾಕಿದವರಿಗೆ, ಹಸಿದ ಹೊಟ್ಟೆಯಲ್ಲೂ ಕೇಳಿದ ನಿಮಗೆಲ್ಲರಿಗೂ ನನ್ನ ವಂದನೆ. ಇನ್ನು ಊಟಕ್ಕೇಳಿ. ನಮಸ್ಕಾರ.